ಕರೆಂಟ್ ಹೋದಾಗ ಮನೆಗೆ ಏನಿರಬೇಕು? ಉಡುಪಿ, ಮಂಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಸುತ್ತಮುತ್ತ ಮನೆ ವೈರಿಂಗ್ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಫೋನ್ ಶುರುವಾಗುತ್ತದೆ. "ಎಷ್ಟು ವಿಎ ಇನ್ವರ್ಟರ್ ತಗೊಳ್ಳಲಿ?" ಅನ್ನುವುದೇ ಹೆಚ್ಚಿನವರ ಮೊದಲ ಮಾತು. ವಿಎ ಅಂದರೆ ಇನ್ವರ್ಟರ್ ಎಷ್ಟು ಭಾರ ಹೊರುತ್ತದೆ ಅನ್ನುವ ಅಳತೆ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದದ್ದು. ಜುಲೈಯಲ್ಲಿ ಒಂದು ಇಡೀ ರಾತ್ರಿ ಕರೆಂಟ್ ಬರಲಿಲ್ಲ ಅಂತ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಯಾವುದು ನಿಲ್ಲಲೇಬಾರದು? ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಉಳಿದದ್ದೆಲ್ಲ ಆ ಚೀಟಿಯಿಂದಲೇ ತೀರ್ಮಾನವಾಗುತ್ತದೆ.

ಪಕ್ಕದಲ್ಲೇ ಇಷ್ಟು ಕರೆಂಟ್ ತಯಾರಾಗುತ್ತದೆ, ಆದರೂ ನಮ್ಮಲ್ಲಿ ಯಾಕೆ ಹೋಗುತ್ತದೆ?

ಇದನ್ನು ಕೇಳದವರಿಲ್ಲ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಕಲ್ಲಿದ್ದಲಿನ ಸ್ಥಾವರ ಉಂಟು. ಕುಂದಾಪುರದ ಮೇಲಿನ ಘಟ್ಟದಲ್ಲಿ ವಾರಾಹಿಯ 460 ಮೆಗಾವ್ಯಾಟ್ ಉಂಟು. ಆದರೆ ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟ್ ಹೋಗುವುದು ಉತ್ಪಾದನೆ ಕಡಿಮೆಯಾಗಿ ಅಲ್ಲ. ಕೊನೆಯ ನಾಲ್ಕೈದು ಕಿಲೋಮೀಟರ್ ತಂತಿಯಲ್ಲಿ ತೊಂದರೆಯಾಗಿ. ನಮ್ಮ ಲೈನ್‌ಗಳು ತೋಟದ ನಡುವೆ, ಗುಡ್ಡೆಯ ಬದಿಯಲ್ಲಿ ಹೋಗುತ್ತವೆ. ಗಾಳಿಮಳೆಗೆ ತೆಂಗಿನ ಮಡಲು ಬೀಳುತ್ತದೆ, ಹಲಸಿನ ಕೊಂಬೆ ಮುರಿಯುತ್ತದೆ, ಸಿಡಿಲಿಗೆ ಇನ್ಸುಲೇಟರ್ ಒಡೆಯುತ್ತದೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನ ಬದಿಯಲ್ಲಿ ಹಾದು ಹೋದಾಗ ಕರಾವಳಿಯುದ್ದಕ್ಕೂ ಕಂಬಗಳು ಮುರಿದು ಬಿದ್ದದ್ದು ನೆನಪಿರಬಹುದು.

ಇದನ್ನು ಹೇಳಲು ಕಾರಣ ಇದೆ. ಲೋಡ್‌ಶೆಡ್ಡಿಂಗ್ ಆದರೆ ಒಂದು, ಎರಡು ಗಂಟೆ ಅಂತ ಲೆಕ್ಕ ಇರುತ್ತದೆ. ಮರ ಬಿದ್ದರೆ ಆ ಲೆಕ್ಕ ಇಲ್ಲ. ಆರು ಗಂಟೆ ಆಗಬಹುದು, ಒಳನಾಡಿನ ಮನೆಗಳಿಗೆ ಎರಡು ದಿನವೂ ಆಗಬಹುದು. ಹಾಗಾಗಿ ನಮಗೆ ಬೇಕಾದದ್ದು ಜಾಸ್ತಿ ಹೊತ್ತು ಬರುವ ವ್ಯವಸ್ಥೆ. ಜಾಸ್ತಿ ಸಾಮಾನು ಓಡಿಸುವ ವ್ಯವಸ್ಥೆ ಅಲ್ಲ.

ಸರಿ, ನಮ್ಮ ಮನೆಗೆ ಎಷ್ಟು ಬೇಕು ಅಂತ ಹೇಗೆ ಲೆಕ್ಕ ಹಾಕುವುದು?

ಒಂದು ಸಾಧಾರಣ ಮನೆ ತೆಗೆದುಕೊಳ್ಳೋಣ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 4, ಅಂದರೆ 36 ವ್ಯಾಟ್. ಹಳೇ ಥರದ ಫ್ಯಾನ್ 2, ಒಂದಕ್ಕೆ 75ರಂತೆ 150 ವ್ಯಾಟ್. ವೈಫೈ ಪೆಟ್ಟಿಗೆ ಮತ್ತು ಮೊಬೈಲ್ ಚಾರ್ಜಿಂಗ್ ಸೇರಿ 20. ಒಟ್ಟು 206 ವ್ಯಾಟ್.

ಈಗ ಬ್ಯಾಟರಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬ್ಯುಲರ್, ಅಂದರೆ ಆಗಾಗ ನೀರು ಹಾಕುವ ಬ್ಯಾಟರಿ. ಎರಡನ್ನೂ ಗುಣಿಸಿದರೆ 1,800 ವ್ಯಾಟ್-ಅವರ್. ಆದರೆ ಬ್ಯಾಟರಿಯನ್ನು ಪೂರ್ತಿ ಹಿಂಡಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಇನ್ವರ್ಟರ್ ಕೂಡ ಸ್ವಲ್ಪ ತಿನ್ನುತ್ತದೆ. ಹಾಗಾಗಿ ನಾನು ಕೈಗೆ ಸಿಗುವುದು 1,200 ಅಂತಲೇ ಲೆಕ್ಕ ಹಿಡಿಯುತ್ತೇನೆ. 1,200ನ್ನು 206ರಿಂದ ಭಾಗಿಸಿ. ಐದೂ ಮುಕ್ಕಾಲು ಗಂಟೆ ಸಿಗುತ್ತದೆ. ರಾತ್ರಿ 10ಕ್ಕೆ ಕರೆಂಟ್ ಹೋದರೆ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಫ್ಯಾನ್ ನಿಲ್ಲುತ್ತದೆ.

ಇಲ್ಲೇ ಎಲ್ಲರೂ "ಹಾಗಾದರೆ ಇನ್ನೊಂದು ಬ್ಯಾಟರಿ ಹಾಕಿ" ಅನ್ನುತ್ತಾರೆ. ಬೇಡ. ಆ ಎರಡು ಫ್ಯಾನ್ ಬದಲಿಸಿ, ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿ. ಒಂದಕ್ಕೆ ಸುಮಾರು 30 ವ್ಯಾಟ್ ಸಾಕು. 150 ಇದ್ದದ್ದು 60ಕ್ಕೆ ಇಳಿಯುತ್ತದೆ, ಒಟ್ಟು ಲೋಡ್ 116 ಆಗುತ್ತದೆ. ಅದೇ ಬ್ಯಾಟರಿ ಈಗ ಹತ್ತು ಗಂಟೆ ಬರುತ್ತದೆ. ಇಡೀ ರಾತ್ರಿ ಕಳೆಯಿತು ಅಲ್ವಾ? ಒಂದು ಬ್ಯಾಟರಿಯ ದುಡ್ಡಲ್ಲಿ ಮೂರು, ನಾಲ್ಕು ಫ್ಯಾನ್ ಬರುತ್ತವೆ. ಕರೆಂಟ್ ಇರುವ ದಿನಗಳಲ್ಲೂ ಅವು ಬಿಲ್ ಉಳಿಸುತ್ತವೆ. ನಮ್ಮ ಸೆಕೆಗೆ ವರ್ಷದಲ್ಲಿ ಹತ್ತು ತಿಂಗಳು ಫ್ಯಾನ್ ತಿರುಗುವ ಊರು ಇದು. ಇಷ್ಟು ಸುಲಭದ ಲಾಭವನ್ನು ಜನ ಬಿಟ್ಟುಬಿಡುವುದು ನೋಡಿದರೆ ನನಗೆ ಬೇಸರವಾಗುತ್ತದೆ.

ವಿಎ ಎಷ್ಟಿರಬೇಕು ಅಂತ ಈಗ ಹೇಳಿ.

ವಿಎ ಅಂದರೆ ಇನ್ವರ್ಟರ್ ಒಂದೇ ಸಲಕ್ಕೆ ಎಷ್ಟು ಭಾರ ಹೊರುತ್ತದೆ ಅನ್ನುವ ಅಳತೆ. ಎಷ್ಟು ಹೊತ್ತು ಹೊರುತ್ತದೆ ಅನ್ನುವುದು ಬ್ಯಾಟರಿಯ ಕೆಲಸ. 900 ವಿಎ ಅಂದರೆ ಸುಮಾರು 700 ವ್ಯಾಟ್. ಮೇಲಿನ ಮನೆಗೆ ಧಾರಾಳ ಸಾಕು, ಒಂದು ಟಿವಿ ಸೇರಿಸಿದರೂ ಸಾಕು. ಟಿವಿ, ಕಂಪ್ಯೂಟರ್, ಫ್ಯಾನ್ ಎಲ್ಲಕ್ಕೂ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೆ ನಯವಾದ ಅಲೆಯ ಕರೆಂಟ್ ಕೊಡುವ ಇನ್ವರ್ಟರನ್ನೇ ಕೇಳಿ. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಫ್ಯಾನ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಉಳಿಯುವ ಒಂದೆರಡು ಸಾವಿರ ರೂಪಾಯಿಗೆ ಅದು ತಕ್ಕದ್ದಲ್ಲ.

ಲಿಥಿಯಂ ಬ್ಯಾಟರಿ ಒಳ್ಳೆಯದಾ, ನೀರು ಹಾಕುವ ಬ್ಯಾಟರಿ ಒಳ್ಳೆಯದಾ?

ಮೊದಲು ನನ್ನ ಮನೆಯ ಕಥೆ ಹೇಳುತ್ತೇನೆ. ಅಮ್ಮ ಊರ ಮನೆಯಲ್ಲಿ ಒಬ್ಬರೇ ಇದ್ದರು. ಅಂಗಡಿಯವರ ಮಾತು ಕೇಳಿ ಅಲ್ಲಿಗೆ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿದೆ. "ಮೂರು ತಿಂಗಳಿಗೊಮ್ಮೆ ನೀರು ನೋಡಿದರೆ ಆಯಿತು" ಅಂದರು. ಆದರೆ ನೋಡುವವರು ಯಾರು? ಅಮ್ಮನಿಗೆ ಬಗ್ಗಿ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ನಾನು ಊರೂರು ಸುತ್ತಿ ಬೇರೆಯವರ ಬ್ಯಾಟರಿಗೆ ನೀರು ಹಾಕುತ್ತಿದ್ದೆ. ಎರಡನೇ ಮಳೆಗಾಲದಲ್ಲಿ ಒಂದು ರಾತ್ರಿ ಬ್ಯಾಟರಿ ಇಪ್ಪತ್ತೇ ನಿಮಿಷಕ್ಕೆ ಕೈಕೊಟ್ಟಿತು. ತೆರೆದು ನೋಡಿದರೆ ಪ್ಲೇಟುಗಳು ಒಣಗಿದ್ದವು. ಅಮ್ಮ ಕತ್ತಲಲ್ಲಿ ಚಾವಡಿಯಲ್ಲೇ ಕೂತು ಬೆಳಗು ಮಾಡಿದ್ದರು. ಅವತ್ತಿನಿಂದ ಬ್ಯಾಟರಿ ಬಗ್ಗೆ ಯಾರು ಕೇಳಿದರೂ "ಮನೆಯಲ್ಲಿ ಯಾರು ಇರುತ್ತಾರೆ?" ಅಂತ ತಿರುಗಿ ಕೇಳುತ್ತೇನೆ.

ಮಕ್ಕಳು ಮುಂಬೈ, ದುಬೈ, ಬೆಂಗಳೂರು ಅಂತ ಇದ್ದು, ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ ಲಿಥಿಯಂ ಹಾಕಿಸಿ. ನೀರು ಬೇಡ, ಆಸಿಡ್ ಇಲ್ಲ, ಭಾರವೂ ಕಡಿಮೆ. ಅದರಲ್ಲೂ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯನ್ನು ಕೇಳಿ. ಬಿಸಿಯನ್ನು ತಡೆದುಕೊಳ್ಳುವುದರಲ್ಲಿ ಅದು ಗಟ್ಟಿ. 12.8 ವೋಲ್ಟ್, 100 ಎಎಚ್‌ನ ಲಿಥಿಯಂ ಸುಮಾರು 1,000 ವ್ಯಾಟ್-ಅವರ್ ಕೈಗೆ ಕೊಡುತ್ತದೆ. ಅಂದರೆ 150 ಎಎಚ್‌ನ ಟ್ಯೂಬ್ಯುಲರ್ ಹತ್ತಿರ ಬರುತ್ತದೆ.

ನಮ್ಮ ಮಳೆಗಾಲಕ್ಕೆ ಲಿಥಿಯಂ ಹೊಂದುವುದಕ್ಕೆ ಇನ್ನೊಂದು ಕಾರಣ ಉಂಟು. ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಟ್ಯೂಬ್ಯುಲರ್ ಖಾಲಿಯಾದರೆ ಮತ್ತೆ ತುಂಬಲು 10ರಿಂದ 12 ಗಂಟೆ ಕರೆಂಟ್ ಬೇಕು. ಜುಲೈಯಲ್ಲಿ ಕರೆಂಟ್ ಎರಡು ಗಂಟೆ ಬರುತ್ತದೆ, ಮತ್ತೆ ಹೋಗುತ್ತದೆ. ಬ್ಯಾಟರಿ ದಿನಗಟ್ಟಲೆ ಅರ್ಧ ಹೊಟ್ಟೆಯಲ್ಲೇ ಇರುತ್ತದೆ. ಹಾಗೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ. ಲಿಥಿಯಂ ಮೂರು, ನಾಲ್ಕು ಗಂಟೆಯಲ್ಲಿ ತುಂಬುತ್ತದೆ. ಅರ್ಧ ತುಂಬಿದ್ದರೂ ಅದಕ್ಕೆ ನೋವಿಲ್ಲ.

ಹಾಗಂತ ಟ್ಯೂಬ್ಯುಲರ್ ಕೆಟ್ಟದ್ದಲ್ಲ. ಮೊದಲ ಖರ್ಚು ಕಡಿಮೆ, ಯಾವ ಊರಲ್ಲೂ ರಿಪೇರಿಯವರು ಸಿಗುತ್ತಾರೆ, ಹಳೇ ಬ್ಯಾಟರಿಗೆ ಎಕ್ಸ್‌ಚೇಂಜ್ ಬೆಲೆ ಸಿಗುತ್ತದೆ. ಮನೆಯಲ್ಲಿ ಎರಡು, ಮೂರು ತಿಂಗಳಿಗೊಮ್ಮೆ ನೆನಪಿಟ್ಟು ನೀರು ನೋಡುವವರು ಇದ್ದರೆ ಧೈರ್ಯವಾಗಿ ಹಾಕಿಸಿ.

ನನ್ನ ಹಳೇ ಇನ್ವರ್ಟರ್‌ಗೆ ಲಿಥಿಯಂ ಬ್ಯಾಟರಿ ಸುಮ್ನೆ ಜೋಡಿಸಬಹುದಾ?

ಇನ್ವರ್ಟರ್‌ನಲ್ಲಿ ಲಿಥಿಯಂಗೆ ಅಂತ ಸೆಟ್ಟಿಂಗ್ ಇದ್ದರೆ ಮಾತ್ರ. ಎರಡರ ಚಾರ್ಜಿಂಗ್ ರೀತಿಯೇ ಬೇರೆ.

ಬ್ಯಾಟರಿಗೆ ಬಾವಿ ನೀರು ಹಾಕಿದರೆ ಏನಾಗುತ್ತದೆ? ನಮ್ಮ ಬಾವಿ ನೀರು ತುಂಬಾ ಶುದ್ಧ.

ಕುಡಿಯಲು ಶುದ್ಧ, ಬ್ಯಾಟರಿಗೆ ಅಲ್ಲ. ಬಾವಿ ನೀರಿನಲ್ಲಿ ಕಬ್ಬಿಣ, ಉಪ್ಪಿನಂಶ ಇರುತ್ತದೆ. ಕಡಲ ಬದಿಯ ಮಲ್ಪೆ, ಉಳ್ಳಾಲದಂಥ ಕಡೆ ಇನ್ನೂ ಜಾಸ್ತಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಹಂಚಿನಿಂದ ಇಳಿದ ಮಳೆ ನೀರು ಬೇಡ, ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಗುರುತಿನ ಗೆರೆ ದಾಟಿ ಹಾಕಬೇಡಿ, ಆಸಿಡ್ ಹೊರಗೆ ಉಕ್ಕುತ್ತದೆ. ಕಡಲು ಹತ್ತಿರ ಇರುವ ಮನೆಗಳಲ್ಲಿ ಉಪ್ಪುಗಾಳಿಗೆ ಟರ್ಮಿನಲ್ ಬೇಗ ಹಸಿರುಗಟ್ಟುತ್ತದೆ. ಇನ್ವರ್ಟರ್ ಆಫ್ ಮಾಡಿ ಒರೆಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಐದು ನಿಮಿಷದ ಕೆಲಸ.

ಬ್ಯಾಟರಿ ಎಲ್ಲಿ ಇಡಬೇಕು?

ಗಾಳಿ ಆಡುವ, ನೀರು ಸಿಡಿಯದ ಜಾಗದಲ್ಲಿ. ನೀರಿನ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಬೆಂಕಿ ಹಿಡಿಯುವ ಗಾಳಿ. ದೇವರ ಕೋಣೆಯ ದೀಪದ ಹತ್ತಿರ, ಅಡುಗೆ ಗ್ಯಾಸ್ ಹತ್ತಿರ, ಮಲಗುವ ಕೋಣೆಯ ಮಂಚದ ಕೆಳಗೆ ಇಡಬೇಡಿ. ನಾನು ಮೂರೂ ಕಡೆ ಇಟ್ಟದ್ದನ್ನು ನೋಡಿದ್ದೇನೆ.

ಹೊಳೆ ಬದಿಯ ತಗ್ಗಿನ ಮನೆಯಾದರೆ ನೆಲದಿಂದ ಮೇಲೆ, ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಗೆ ನೆರೆ ಬಂದಾಗ ಎಷ್ಟೋ ಮನೆಗಳ ಒಳಗೆ ನೀರು ನುಗ್ಗಿತ್ತು. ಇನ್ವರ್ಟರ್ ಮತ್ತು ಬ್ಯಾಟರಿ ನಡುವಿನ ಕೇಬಲ್ ಗಿಡ್ಡ ಮತ್ತು ದಪ್ಪ ಇರಲಿ. 12 ವೋಲ್ಟ್‌ನಲ್ಲಿ 700 ವ್ಯಾಟ್ ಎಳೆದರೆ, ಇನ್ವರ್ಟರ್ ತಿನ್ನುವುದೂ ಸೇರಿ ಆ ಕೇಬಲ್‌ನಲ್ಲಿ 60 ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತದೆ. "ಇಲ್ಲಿ ಚಂದ ಕಾಣಲ್ಲ" ಅಂತ ಬ್ಯಾಟರಿಯನ್ನು ದೂರದ ಮೂಲೆಗೆ ಒಯ್ಯಬೇಡಿ.

ಬಾವಿಯ ಪಂಪ್ ಇನ್ವರ್ಟರ್‌ನಲ್ಲಿ ಓಡುತ್ತದಾ?

1 ಎಚ್‌ಪಿ ಅಂದರೆ 746 ವ್ಯಾಟ್. ಅಷ್ಟೇ ಆದರೆ ಏನೋ ಮಾಡಬಹುದಿತ್ತು. ಆದರೆ ಪಂಪ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಪಂಪಿಗೋಸ್ಕರ ದೊಡ್ಡ ಇನ್ವರ್ಟರ್, ನಾಲ್ಕು ಬ್ಯಾಟರಿ ಅಂತ ಹೋದರೆ ದುಡ್ಡು ನೀರಿನ ಹಾಗೆ ಹೋಗುತ್ತದೆ.

ನೀರಿಗೆ ಒಳ್ಳೆಯ ಬ್ಯಾಟರಿ ಅಂದರೆ ಟೆರೇಸ್ ಮೇಲಿನ ಟ್ಯಾಂಕ್. 500 ಲೀಟರ್ ಇದ್ದರೆ 1,000 ಲೀಟರ್ ಮಾಡಿ. ಅದಕ್ಕೆ ಚಾರ್ಜಿಂಗ್ ಬೇಡ, ಆಯುಷ್ಯ ಮುಗಿಯುವ ಭಯ ಇಲ್ಲ. ಪಡುವಣದಲ್ಲಿ ಮೋಡ ಕಪ್ಪಾದದ್ದು ಕಂಡ ಕೂಡಲೇ ಪಂಪ್ ಹಾಕಿ ತುಂಬಿಸಿ. ಬಾವಿಕಟ್ಟೆಯ ರಾಟೆ, ಹಗ್ಗ, ಕೊಡಪಾನವನ್ನು ತೆಗೆದು ಬಿಸಾಡಬೇಡಿ.

ಫ್ರಿಜ್‌ನಲ್ಲಿ ಮೀನಿದೆ, ಅದಕ್ಕಾದರೂ ಇನ್ವರ್ಟರ್ ಬೇಡವಾ?

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ರಜೆ. ಮೊದಲೇ ಮೀನು ತಂದು ಫ್ರೀಜರ್‌ನಲ್ಲಿ ಇಡುವ ಮನೆಗಳು ತುಂಬಾ ಇವೆ. ಕರೆಂಟ್ ಜಾಸ್ತಿ ಹೋಗುವುದೂ ಅದೇ ಹೊತ್ತಿಗೆ. ಚಿಂತೆ ಅರ್ಥವಾಗುತ್ತದೆ.

ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಇದು ಒಳ್ಳೆಯ ದೊಡ್ಡ ಫ್ರೀಜರ್‌ನ ಲೆಕ್ಕ. ಫ್ರಿಜ್‌ನ ಮೇಲಿನ ಸಣ್ಣ ಫ್ರೀಜರ್ ಅಷ್ಟು ತಡೆಯಲಾರದು. ಖಾಲಿ ಜಾಗದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಟ್ಟು ಗಟ್ಟಿಮಾಡಿ. ಅದು ಕರಗುವವರೆಗೆ ಮೀನಿಗೆ ತಂಪು ಸಿಗುತ್ತದೆ. ಇಷ್ಟಾದ ಮೇಲೂ ಫ್ರಿಜ್ ಓಡಲೇಬೇಕು ಅಂದರೆ 1,500 ವಿಎ ಮೇಲಿನ ಇನ್ವರ್ಟರ್, ಎರಡು ಬ್ಯಾಟರಿ ಬೇಕಾಗುತ್ತದೆ. ನಾನಾದರೆ ಮಾಡುವುದಿಲ್ಲ. ಮಿಕ್ಸಿ, ಗ್ರೈಂಡರ್, ಗೀಸರ್, ಇಸ್ತ್ರಿಪೆಟ್ಟಿಗೆಯನ್ನಂತೂ ಇನ್ವರ್ಟರ್ ಲೈನಿಗೆ ಕೊಡಲೇಬೇಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರದಲ್ಲಿ ಇರುವವರು ಇದ್ದಾರೆ.

ನಿಮ್ಮ ಲೆಕ್ಕ ಬೇರೆ. ಮೇಲೆ ಹೇಳಿದ ಉಳಿತಾಯದ ಮಾತು ನಿಮಗೆ ಅಲ್ಲ. 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ 300ರಿಂದ 400 ವ್ಯಾಟ್ ತಿನ್ನುತ್ತದೆ. 150 ಎಎಚ್‌ನ ಒಂದು ಬ್ಯಾಟರಿ ಮೂರು ಗಂಟೆ ಬಂದರೆ ದೊಡ್ಡದು. ಅದಕ್ಕೆ ಬೇರೆಯೇ ಒಂದು ಇನ್ವರ್ಟರ್ ಇಡಿ, ಮನೆಯ ಬಲ್ಬ್, ಫ್ಯಾನ್ ಜೊತೆ ಸೇರಿಸಬೇಡಿ. ಒಂದು ಸಣ್ಣ ಜನರೇಟರ್ ಇರಲಿ. ಕರೆಂಟೇ ಬೇಡದ ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಎಷ್ಟು ಹೊತ್ತಿಗೆ ಎಷ್ಟು ಬೇಕು ಅಂತ ಡಾಕ್ಟರ ಹತ್ತಿರ ಬರೆಸಿ ಗೋಡೆಗೆ ಅಂಟಿಸಿ. ಮಣಿಪಾಲಕ್ಕೋ ಮಂಗಳೂರಿಗೋ ಕರೆದುಕೊಂಡು ಹೋಗುವ ದಾರಿಯಲ್ಲಿ ಮರ ಬಿದ್ದಿರಬಹುದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜನರೇಟರ್ ತೆಗೆದುಕೊಂಡರೆ ಎಲ್ಲ ಸಮಸ್ಯೆ ಮುಗಿಯಿತಲ್ಲ?

ಎರಡು ದಿನ ಕರೆಂಟ್ ಬಾರದ ಒಳನಾಡಿನ ಮನೆಗೆ, ತೋಟದ ಮನೆಗೆ ಜನರೇಟರ್ ನಿಜವಾಗಿ ಉಪಯೋಗ. 1 ಎಚ್‌ಪಿ ಪಂಪ್ ಓಡಬೇಕಾದರೆ ಸುಮಾರು 3 ಕೆವಿಎ, ಅಂದರೆ 3,000 ವಿಎಯದ್ದು ನೋಡಿ. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ. ಇಲ್ಲದಿದ್ದರೆ ಹಳೇ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಟುತ್ತದೆ, ಬೇಕಾದ ದಿನವೇ ಸ್ಟಾರ್ಟ್ ಆಗುವುದಿಲ್ಲ.

ಆದರೆ ಎರಡು ಮಾತು ದಯವಿಟ್ಟು ಕೇಳಿ. ಇವು ಜೀವದ ವಿಷಯ.

ಮಳೆ ಬರುತ್ತಿದೆ ಅಂತ ಜನರೇಟರನ್ನು ಸಿಟೌಟ್, ಅಡುಗೆಮನೆ, ಬಾಗಿಲು ಹಾಕಿದ ಕಾರ್ ಶೆಡ್ಡಿನೊಳಗೆ ಓಡಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರ, ಕಿಟಕಿಗಳಿಂದ ದೂರ, ಮೇಲೆ ತಗಡು ಹಾಕಿ ನಾಲ್ಕೂ ಬದಿ ತೆರೆದಿರುವ ಜಾಗ ಮಾಡಿಕೊಳ್ಳಿ.

ಎರಡನೆಯದು. ಎರಡೂ ತುದಿಯಲ್ಲಿ ಪಿನ್ ಇರುವ ವೈರ್ ಮಾಡಿ, ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚುವವರು ಇದ್ದಾರೆ. ಆಗ ನಿಮ್ಮ ಕರೆಂಟ್ ಮೀಟರ್ ದಾಟಿ ಹೊರಗಿನ ತಂತಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ಅದೇ ಹೊತ್ತಿಗೆ ಸುರಿಯುವ ಮಳೆಯಲ್ಲಿ, ಲೈನ್ ಆಫ್ ಇದೆ ಅಂತ ನಂಬಿ, ನಮಗಾಗಿಯೇ ಒಬ್ಬ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾರೆ. ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಮೆಸ್ಕಾಂ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಕೊಡುತ್ತದೆ. ಅದಿಲ್ಲದೆ ಜನರೇಟರ್ ಜೋಡಿಸಿ ಕೊಡಿ ಅಂತ ಕೇಳಿದರೆ ನಾನು ಎಷ್ಟು ದುಡ್ಡಿಗೂ ಮಾಡುವುದಿಲ್ಲ.

ಮಂಗಳೂರಿನಲ್ಲಿ ಫ್ಲ್ಯಾಟ್. ಅಲ್ಲಿ ಜನರೇಟರ್ ಇದೆಯಲ್ಲ?

ಇದ್ದರೂ ಕೇಳಿ ನೋಡಿ. ಕೆಲವು ಕಟ್ಟಡಗಳಲ್ಲಿ ಅದು ಲಿಫ್ಟ್, ಪಂಪ್, ಮೆಟ್ಟಿಲಿನ ದೀಪಕ್ಕೆ ಮಾತ್ರ. ಕೆಲವು ಕಡೆ ಮನೆಯೊಳಗೂ ಒಂದಿಷ್ಟು ವ್ಯಾಟ್ ಕೊಡುತ್ತಾರೆ. ಒಳಗೆ ಬರುತ್ತದೆ ಅಂತಾದರೆ ನಿಮಗೆ ದೊಡ್ಡ ಇನ್ವರ್ಟರ್ ಬೇಡವೇ ಬೇಡ. ಮನೆಯಿಂದ ಕೆಲಸ ಮಾಡುವವರು ವೈಫೈ ಪೆಟ್ಟಿಗೆಗೆ ಸಣ್ಣ 12 ವೋಲ್ಟ್ ಯುಪಿಎಸ್ ಇಟ್ಟುಕೊಂಡರೆ ಎರಡು, ಮೂರು ಗಂಟೆ ಕಳೆಯುತ್ತದೆ.

ಸೋಲಾರ್ ಹಾಕಿಸಿದ್ದೇವೆ. ಆದರೂ ಕರೆಂಟ್ ಹೋದಾಗ ಮನೆ ಕತ್ತಲು! ಮೋಸ ಹೋದೆವಾ?

ಮೋಸ ಅಲ್ಲ. ಆದರೆ ಹಾಕುವಾಗಲೇ ಯಾರಾದರೂ ಹೇಳಬೇಕಿತ್ತು. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಕಾರಣ ಮೇಲೆ ಹೇಳಿದ್ದೇ, ಕಂಬದ ಮೇಲಿನ ಲೈನ್‌ಮ್ಯಾನ್. ಬಿಸಿಲು ಎಷ್ಟೇ ಇದ್ದರೂ ಅದು ಓಡುವುದಿಲ್ಲ.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಬಿಲ್ ಇಳಿಸಲು ಅದು ಒಳ್ಳೆಯದು. ಕತ್ತಲಿಗೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಲೈನ್, ಬ್ಯಾಟರಿ ಮೂರಕ್ಕೂ ಜೋಡಿಸುವಂಥದ್ದು) ಮತ್ತು ಬ್ಯಾಟರಿ ಬೇಕು ಅಂತ ಮೊದಲೇ ಹೇಳಿ. ಅದರ ಮೇಲೂ ಒಂದು ಮಾತು: ವಾರಗಟ್ಟಲೆ ಸೂರ್ಯ ಕಾಣದ ಊರು ನಮ್ಮದು. ಕರೆಂಟ್ ಜಾಸ್ತಿ ಹೋಗುವ ತಿಂಗಳಲ್ಲೇ ಸೋಲಾರ್ ಕಡಿಮೆ ಕೊಡುತ್ತದೆ. ಮಳೆಗಾಲಕ್ಕೆ ಅದನ್ನೊಂದನ್ನೇ ನಂಬಬೇಡಿ.

ಇನ್ವರ್ಟರ್ ಹಾಕಿದರೆ ಗೃಹಜ್ಯೋತಿ ತಪ್ಪುತ್ತದಾ?

ಇನ್ವರ್ಟರ್ ಇದೆ ಅನ್ನುವ ಕಾರಣಕ್ಕೆ ತಪ್ಪುವುದಿಲ್ಲ. ಆದರೆ ಅದು ಸುಮ್ಮನೆ ಕೂತಾಗಲೂ ಸ್ವಲ್ಪ ಕರೆಂಟ್ ತಿನ್ನುತ್ತದೆ. 15 ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ ಸುಮಾರು 11 ಯೂನಿಟ್. ನಿಮ್ಮ ಬಳಕೆ 200 ಯೂನಿಟ್‌ನ ಅಂಚಿನಲ್ಲಿದ್ದರೆ ಗಮನ ಇರಲಿ. ಫ್ಯಾನ್ ಬದಲಿಸಿದವರಿಗೆ ಆ ಚಿಂತೆ ಇರುವುದಿಲ್ಲ.

ಕರೆಂಟ್ ಇದ್ದರೂ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ಕೆಟ್ಟಿದೆಯಾ?

ಹೆಚ್ಚಾಗಿ ಕೆಟ್ಟಿರುವುದಿಲ್ಲ, ವೋಲ್ಟೇಜ್ ಕಡಿಮೆ ಇರುತ್ತದೆ. ಇನ್ವರ್ಟರ್‌ನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದ್ದರೆ ಅದನ್ನು ನಾರ್ಮಲ್‌ಗೆ ಹಾಕಿ ನೋಡಿ. ಯುಪಿಎಸ್ ಮೋಡ್‌ನಲ್ಲಿ ಸುಮಾರು 180 ವೋಲ್ಟ್‌ಗಿಂತ ಕೆಳಗೆ ಇಳಿದರೆ ಅದು ಲೈನನ್ನು ಬಿಟ್ಟುಬಿಡುತ್ತದೆ. ಇನ್ವರ್ಟರ್ ಹಾಕಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗತೊಡಗಿದರೆ ಅದು ಬೇರೆ ಕಥೆ. ಇನ್ವರ್ಟರ್ ಲೈನಿನ ನ್ಯೂಟ್ರಲ್, ಬೇರೆ ಲೈನಿನ ನ್ಯೂಟ್ರಲ್ ಎಲ್ಲೋ ಸೇರಿಕೊಂಡಿರುತ್ತದೆ. ಹಳೇ ಹಂಚಿನ ಮನೆಗಳಲ್ಲಿ ಇದು ಜಾಸ್ತಿ. ವೈರಿಂಗ್ ಸರಿ ಮಾಡಿಸಿ. ಕಿರಿಕಿರಿ ಅಂತ ಆರ್‌ಸಿಸಿಬಿಯನ್ನು ಮಾತ್ರ ತೆಗೆಸಬೇಡಿ. ಶಾಕ್ ಹೊಡೆದಾಗ ಉಳಿಸುವುದು ಅದೇ.

ಸಿಡಿಲಿಗೆ ಇನ್ವರ್ಟರ್ ಸುಟ್ಟರೆ?

ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ನಮ್ಮ ಸಿಡಿಲು ಜೋರು. ಒಳ್ಳೆಯ ಅರ್ತಿಂಗ್, ಮೀಟರ್ ಬೋರ್ಡ್‌ನಲ್ಲಿ ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್, ಇವೆರಡೂ ಇರಲಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಹಿಡಿಯುವುದಿಲ್ಲ. ಆಗಾಗ ಅರ್ತ್ ಗುಂಡಿಗೆ ಎರಡು ಕೊಡ ನೀರು ಹೊಯ್ಯಿರಿ. ಗುಡುಗು ದೂರ ಇರುವಾಗಲೇ ಇನ್ವರ್ಟರ್‌ನ ಪ್ಲಗ್ ಗೋಡೆಯಿಂದ ತೆಗೆಯಿರಿ. ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ.

ಇನ್ನೇನು ಮಳೆ ಶುರುವಾಗುತ್ತದೆ. ಈಗ ಏನು ಮಾಡಲಿ?

ಮನೆಯ ಹತ್ತಿರ ತಂತಿಗೆ ತಾಗುವ ಕೊಂಬೆ ಇದ್ದರೆ ನೀವೇ ಕಡಿಯಬೇಡಿ, ಮೆಸ್ಕಾಂನವರಿಗೆ ಹೇಳಿ. ಅವರ ಸಹಾಯವಾಣಿ 1912ನ್ನು ಮನೆಯ ಎಲ್ಲರ ಮೊಬೈಲ್‌ನಲ್ಲೂ ಹಾಕಿಡಿ. ತಂತಿ ಕಡಿದು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆ ನಂಬರಿಗೆ ಫೋನ್ ಮಾಡಿ.

ಆಮೇಲೆ ಒಂದು ಭಾನುವಾರ, ಕತ್ತಲಾದ ಮೇಲೆ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯಾವ ಬಲ್ಬ್ ಉರಿಯುತ್ತದೆ, ಯಾವ ಫ್ಯಾನ್ ತಿರುಗುತ್ತದೆ ನೋಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕು ಇದೆಯಾ? ಅಜ್ಜಿ ಮಲಗುವ ಕೋಣೆಯ ಫ್ಯಾನ್ ಇನ್ವರ್ಟರ್ ಲೈನಿನಲ್ಲಿ ಇದೆಯಾ, ಅಥವಾ ಯಾರೂ ಮಲಗದ ಮೇಲಿನ ಕೋಣೆಯದ್ದು ಇದೆಯಾ? ಗಡಿಯಾರ ನೋಡಿ ಬರೆದಿಡಿ, ಬ್ಯಾಟರಿ ಎಷ್ಟು ಹೊತ್ತಿಗೆ ಕೂಗುತ್ತದೆ ಅಂತ ಕಾದು ನೋಡಿ. ಅದು ಕೂಗಿದ ಕೂಡಲೇ ಮೇನ್ ಆನ್ ಮಾಡಿ, ಬ್ಯಾಟರಿ ತುಂಬಲು ಬಿಡಿ. ಮರುದಿನ ಬೆಳಿಗ್ಗೆ ಆ ಚೀಟಿ ಹಿಡಿದು ಅಂಗಡಿಗೆ ಹೋಗಿ, ಅಥವಾ ವೈರಿಂಗಿನವರನ್ನು ಕರೆಯಿರಿ.